ಅಂಚೆ ಚೀಟಿ ಮೇಲೆ ನೊಣ ಇದೆ, ನಾಣ್ಯದ ಮೇಲೆ ಯಾಕಿಲ್ಲ?

ತೊಗರಿ ರಾಶಿ ಮುಗಿದ ಮೇಲೆ ಅಣ್ಣನ ಮಗಳು ನಾಲ್ಕು ದಿನ ಇರಲಿಕ್ಕೆ ಅಂತ ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. ಐದನೇ ಕ್ಲಾಸಿನ ಹುಡುಗಿ. ಮಧ್ಯಾಹ್ನ ಬಿಸಿಲಿಗೆ ಹೊರಗೆ ಹೋಗುವ ಹಾಗಿರಲಿಲ್ಲ. ನನ್ನ ಅಂಚೆ ಚೀಟಿಗಳ ಆಲ್ಬಮ್ ತೆಗೆದುಕೊಂಡು ನೆಲದ ಮೇಲೆ ಕೂತಳು. ಆನೆ, ನವಿಲು, ರೈಲು, ಗಾಂಧೀಜಿ ಎಲ್ಲ ಬೇಗ ಬೇಗ ದಾಟಿದಳು. ಒಂದು ಪುಟಕ್ಕೆ ಬಂದು ನಿಂತಳು.

"ಕಾಕಾ, ಗುಂಗಾಡಕ್ಕೂ ಟಿಕೀಟ್ ಮಾಡ್ಯಾರಲ್ಲ! ಯಾಕ?"

ನಮ್ಮ ಕಡೆ ಸೊಳ್ಳೆಗೆ ಗುಂಗಾಡು ಅನ್ನುತ್ತೇವೆ, ಅಂಚೆ ಚೀಟಿಗೆ ಹಳೆಯವರು ಟಿಕೀಟು ಅನ್ನುತ್ತಾರೆ. ನಾನು ಉತ್ತರ ಹೇಳುವುದರೊಳಗೆ ಇನ್ನೊಂದು ಪ್ರಶ್ನೆ ಬಂತು: "ರೊಕ್ಕದ ಮ್ಯಾಲೂ ಅದಾವೇನು?"

ಎರಡೂ ಒಳ್ಳೆಯ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಸರ್ಕಾರಗಳು ನಾಣ್ಯದ ಮೇಲೆ ತಮಗೆ ಹೆಮ್ಮೆ ಇರುವುದನ್ನು ಮಾತ್ರ ಹಾಕುತ್ತವೆ. ಅಂಚೆ ಚೀಟಿಯ ಮೇಲೆ ಹೆಮ್ಮೆಯ ಜೊತೆ ಭಯವನ್ನೂ ಹಾಕುತ್ತವೆ. ನೊಣ, ಸೊಳ್ಳೆ ಚೀಟಿಯೊಳಗೆ ಬಂದದ್ದು ಆ ಭಯದ ಬಾಗಿಲಿನಿಂದ.

ಮೊದಲು ನೊಣ ಅಂದರೆ ಏನು ಅಂತ ನೋಡಬೇಕು. ಕನ್ನಡದಲ್ಲಿ ನಾವು ಈ ಹೆಸರನ್ನು ಧಾರಾಳವಾಗಿ ಕೊಟ್ಟಿದ್ದೇವೆ. ಜೇನು ಕೂಡ ನಮಗೆ ಜೇನುನೊಣವೇ. ಆದರೆ ಕೀಟ ಓದಿದವರ ಲೆಕ್ಕ ಬೇರೆ. ಅವರ ಲೆಕ್ಕದಲ್ಲಿ ಜೇನುನೊಣ ನೊಣ ಅಲ್ಲ, ಸೊಳ್ಳೆ ಮಾತ್ರ ನೊಣದ ಜಾತಿಗೇ ಸೇರಿದ್ದು! ಕಾರಣ ರೆಕ್ಕೆ. ಜೇನು, ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಇವಕ್ಕೆಲ್ಲ ನಾಲ್ಕು ರೆಕ್ಕೆ. ನೊಣ, ಸೊಳ್ಳೆ, ನುಸಿಗಳಿಗೆ ಎರಡೇ. ಈ ಗುಂಪಿಗೆ ಡಿಪ್ಟೆರಾ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥವೇ ಎರಡು ರೆಕ್ಕೆ. ಇಲ್ಲಿಯವರೆಗೆ ಹೆಸರಿಟ್ಟಿರುವ ಜಾತಿಗಳೇ ಸುಮಾರು ಒಂದೂವರೆ ಲಕ್ಷ.

ಉಳಿದ ಎರಡು ರೆಕ್ಕೆ ಎಲ್ಲಿ ಹೋದವು? ಅವು ಸಣ್ಣದಾಗಿ, ಗುಂಡುಸೂಜಿಯ ಆಕಾರಕ್ಕೆ ಬಂದಿವೆ. ತುದಿಯಲ್ಲಿ ಒಂದು ಗುಂಡು, ಕೆಳಗೆ ತೆಳ್ಳಗಿನ ಕಡ್ಡಿ. ಹಾಲ್ಟೀರ್ ಅನ್ನುತ್ತಾರೆ. ನೊಣ ಹಾರುವಾಗ ಈ ಕಡ್ಡಿಗಳು ರೆಕ್ಕೆಯ ಜೊತೆಗೇ ಬಡಿಯುತ್ತವೆ. ಮೈ ಯಾವ ಕಡೆ ವಾಲಿತು, ಎಷ್ಟು ತಿರುಗಿತು ಅಂತ ನೊಣಕ್ಕೆ ತಿಳಿಸುವುದು ಅವೇ. ಕೈ ಬೀಸಿದಾಗ ನೊಣ ಕಣ್ಣು ಮುಚ್ಚಿ ತೆರೆಯುವುದರೊಳಗೆ ದಿಕ್ಕು ಬದಲಿಸಿ ಹಾರುತ್ತದಲ್ಲ, ಆ ಚುರುಕಿನಲ್ಲಿ ಈ ಎರಡು ಗುಂಡುಕಡ್ಡಿಗಳ ಪಾಲು ದೊಡ್ಡದು.

ಚೀಟಿಯ ಮೇಲಿನ ಕೀಟ ನಿಜವಾಗಿ ನೊಣವೇ ಅಂತ ನೋಡಲು ಒಂದು ಭೂತಗನ್ನಡಿ ಸಾಕು. ರೆಕ್ಕೆ ಎಣಿಸಿ. ಮೀಸೆ ನೋಡಿ. ಜೇನಿನ ಮೀಸೆ ಉದ್ದ, ನಡುವೆ ಮೊಣಕೈಯಂತೆ ಮಡಚಿರುತ್ತದೆ. ಮನೆನೊಣದ ಮೀಸೆ ಕಂಡೂ ಕಾಣದಷ್ಟು ಮೋಟು. ಚೀಟಿಯಲ್ಲಿ ಸೊಳ್ಳೆ ಇದ್ದರೆ ಕೂತ ರೀತಿ ನೋಡಿ. ತಲೆ ಕೆಳಗೆ, ಬಾಲ ಮೇಲೆ, ಗೋಡೆಗೆ ಓರೆಯಾಗಿ ಹೊಡೆದ ಮೊಳೆಯ ಹಾಗೆ ಕೂತಿದ್ದರೆ ಅದು ಅನಾಫಿಲಿಸ್, ಮಲೇರಿಯಾ ಹರಡುವ ಸೊಳ್ಳೆ. ಮೈ ಗೋಡೆಗೆ ಸಮವಾಗಿದ್ದರೆ ಹೆಚ್ಚಾಗಿ ಕ್ಯೂಲೆಕ್ಸ್. ಇನ್ನೂ ಹತ್ತಿರ ಹೋದರೆ ಮೀಸೆ ಸಿಗುತ್ತದೆ. ಗಂಡಿನ ಮೀಸೆ ಪುಕ್ಕದಂತೆ ದಟ್ಟ, ಹೆಣ್ಣಿನದು ಬೋಳು ಬೋಳು. ಕಚ್ಚುವುದು ಹೆಣ್ಣು ಮಾತ್ರ. ಹಾಗಾಗಿ ರೋಗದ ಚೀಟಿಯಲ್ಲಿ ಪುಕ್ಕದ ಮೀಸೆಯ ಸೊಳ್ಳೆ ಇದ್ದರೆ ಚಿತ್ರ ಬರೆದವರು ತಪ್ಪಿದ್ದಾರೆ ಅಂತಲೇ ಅರ್ಥ.

ಸೊಳ್ಳೆಗೆ ಮಲೇರಿಯಾದ ಆರೋಪ ಗಟ್ಟಿಯಾದದ್ದು ನಮಗೆ ದೂರದ ಊರಿನಲ್ಲಲ್ಲ. ಸಿಕಂದರಾಬಾದಿನಲ್ಲಿ. 1897ರಲ್ಲಿ ಕಲಬುರಗಿ, ಬೀದರ, ಯಾದಗಿರಿ ಎಲ್ಲವೂ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲೇ ಇದ್ದವು. ಸಿಕಂದರಾಬಾದ್ ಇಂಗ್ಲಿಷರ ದಂಡಿನ ಊರು. ಅಲ್ಲಿ ರೊನಾಲ್ಡ್ ರಾಸ್ ಎಂಬ ಸೇನೆಯ ವೈದ್ಯ ಇದ್ದ. ಹುಟ್ಟಿದ್ದೂ ಭಾರತದಲ್ಲೇ, ಆಲ್ಮೋರದಲ್ಲಿ, 1857ರಲ್ಲಿ. ಮಲೇರಿಯಾ ರೋಗಿಯ ರಕ್ತ ಕುಡಿದ ಸೊಳ್ಳೆಗಳನ್ನು ಸೀಳಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಏನೂ ಸಿಗುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ತಪ್ಪು ಜಾತಿಯ ಸೊಳ್ಳೆಗಳನ್ನು.

ಆಗಸ್ಟ್ ಮಧ್ಯದಲ್ಲಿ ಅವನಿಗೆ ಬೇರೆ ತರಹದ ಸೊಳ್ಳೆ ಸಿಕ್ಕಿತು. ಕಂದು ಬಣ್ಣ, ರೆಕ್ಕೆಯ ಮೇಲೆ ಚುಕ್ಕೆ. ಹುಸೇನ್ ಖಾನ್ ಎಂಬ ರೋಗಿಯನ್ನು ಆ ಸೊಳ್ಳೆಗಳಿಂದ ಕಚ್ಚಿಸಿದ. ಒಂದು ಸೊಳ್ಳೆ ಕಚ್ಚಿದರೆ ಒಂದು ಆಣೆ. ಹತ್ತು ಸೊಳ್ಳೆ ಕಚ್ಚಿದವು, ಹುಸೇನ್ ಖಾನನಿಗೆ ಹತ್ತು ಆಣೆ ಸಿಕ್ಕಿತು. ಹದಿನಾರು ಆಣೆಗೆ ಒಂದು ರೂಪಾಯಿಯ ಕಾಲ ಅದು. ಆಗಸ್ಟ್ 20ರಂದು ಹಾಗೆ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್‌ಗೆ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಮಲೇರಿಯಾದ ಪರಾವಲಂಬಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು. ಮುಂದಿನ ವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಮೇಲೆ ಕೆಲಸ ಮಾಡಿ, ಸೊಳ್ಳೆ ಕಚ್ಚುವುದರಿಂದಲೇ ರೋಗ ದಾಟುತ್ತದೆ ಅಂತ ತೋರಿಸಿದ. 1902ರಲ್ಲಿ ನೊಬೆಲ್ ಬಂತು. ಇಂದಿಗೂ ಆಗಸ್ಟ್ 20 ವಿಶ್ವ ಸೊಳ್ಳೆ ದಿನ. ಈ ಶೋಧಕ್ಕೆ ನೂರು ವರ್ಷ ತುಂಬಿದ 1997ರಲ್ಲಿ ಭಾರತದ ಅಂಚೆ ಇಲಾಖೆ ರಾಸ್ ನೆನಪಿಗೆ ಚೀಟಿ ತಂದಿತು.

ನನಗೆ ಈ ಕಥೆಯಲ್ಲಿ ಹುಸೇನ್ ಖಾನ್ ದೊಡ್ಡವನಾಗಿ ಕಾಣುತ್ತಾನೆ. ಜ್ವರದಲ್ಲಿ ಮಲಗಿದ್ದ ಮನುಷ್ಯ ಸೊಳ್ಳೆಗಳಿಗೆ ಮೈಯೊಡ್ಡಿದ. ಅವನಿಗೂ ಚೀಟಿಯಲ್ಲಿ ಜಾಗ ಸಿಗಬೇಕು ಅಂತ ನಾನು ಮನಸ್ಸಿನಿಂದ ಬಯಸುತ್ತೇನೆ.

ಆ ಆಣೆಯ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಸೊಳ್ಳೆಯೊಂದಿಗೆ ಹೋರಾಡಲು ರೊಕ್ಕ ಬೇಕು. ಸರ್ಕಾರಗಳು ಆ ರೊಕ್ಕ ಎತ್ತಲು ಅಂಚೆ ಚೀಟಿಯನ್ನೇ ಬಳಸಿದವು. ಇದಕ್ಕೆ ನನಗೆ ಗೊತ್ತಿರುವ ಅತಿ ಜೋರಾದ ಉದಾಹರಣೆ ಮೆಕ್ಸಿಕೋ ದೇಶದ 1939ರ ಚೀಟಿ. ಬೆಲೆ ಒಂದು ಸೆಂಟಾವೊ, ಅಂದರೆ ಅವರ ಪೈಸೆ. ಬಣ್ಣ ನೀಲಿ. ಭೂತಗನ್ನಡಿ ಇಟ್ಟು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಸೊಳ್ಳೆ. ಅದು ಮನುಷ್ಯನಿಗಿಂತ ದೊಡ್ಡದು. ಅವನ ಮೇಲೆ ಎರಗಿದೆ. ಇಂಥ ಚಿತ್ರವನ್ನು ಬೆರಳಿನುಗುರಿನಷ್ಟು ಜಾಗದಲ್ಲಿ ಬರೆದು ದೇಶದ ಮನೆ ಮನೆಗೆ ಕಳಿಸಿದ್ದರು.

ಈ ಚೀಟಿ ಅಂಚೆಯ ಖರ್ಚಿಗಲ್ಲ. ಮಲೇರಿಯಾ ಹೋರಾಟದ ತೆರಿಗೆ. ಕಾಗದಕ್ಕೆ ಮಾಮೂಲಿ ಚೀಟಿ ಅಂಟಿಸಿ, ಅದರ ಪಕ್ಕದಲ್ಲಿ ಇದನ್ನೂ ಅಂಟಿಸಲೇಬೇಕಿತ್ತು. ನಮ್ಮಲ್ಲೂ ಹೀಗೇ ಒಂದು ಸಲ ಆಗಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂದಾಗ ಪ್ರತಿ ಕಾಗದಕ್ಕೂ ಐದು ಪೈಸೆಯ ನಿರಾಶ್ರಿತರ ಪರಿಹಾರ ಚೀಟಿ ಹಚ್ಚಬೇಕಾಗಿತ್ತು. ಮನೆಯ ಹಳೆಯ ಕಾಗದಗಳ ಕಟ್ಟು ಬಿಚ್ಚಿ ನೋಡಿ, ಎಷ್ಟೋ ಜನರಿಗೆ ಇನ್ನೂ ಸಿಗುತ್ತದೆ.

ತೆರಿಗೆಗೆ ಚೀಟಿಯೇ ಯಾಕೆ? ಕಾಗದ ಎಲ್ಲರೂ ಬರೆಯುತ್ತಿದ್ದರು. ಚೀಟಿ ಅಗ್ಗ. ಹೊಸ ಚಿತ್ರ ಬೇಕಾದರೆ ಕೆಲವೇ ತಿಂಗಳಲ್ಲಿ ಅಚ್ಚಾಗುತ್ತದೆ. ಓದಲು ಬಾರದವರ ಕೈಗೂ ಹೋಗುತ್ತದೆ, ಅವರಿಗೂ ಚಿತ್ರ ಅರ್ಥ ಆಗುತ್ತದೆ. ಟಿವಿ ಇಲ್ಲದ ಕಾಲದಲ್ಲಿ ಸರ್ಕಾರಕ್ಕೆ ಇದಕ್ಕಿಂತ ಚೆನ್ನಾಗಿ ಮನೆಯೊಳಗೆ ಹೋಗುವ ದಾರಿ ಇರಲಿಲ್ಲ.

ಭಾರತವೂ ಇದೇ ದಾರಿ ಹಿಡಿಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಅಂತ ಅಂದಾಜು. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಎರಡು ವರ್ಷದ ಮೇಲೆ, 1955ರಲ್ಲಿ, ಪಂಚವಾರ್ಷಿಕ ಯೋಜನೆಯ ಚೀಟಿಗಳ ಸರಣಿ ಬಂತು. ಅದರಲ್ಲಿ ಟ್ರ್ಯಾಕ್ಟರ್ ಇದೆ, ಅಣೆಕಟ್ಟು ಇದೆ, ರೈಲು ಎಂಜಿನ್ ಕಾರ್ಖಾನೆ ಇದೆ. ಅವುಗಳ ಸಾಲಿನಲ್ಲೇ ಸೊಳ್ಳೆಯೂ ಇದೆ, ಜೊತೆಗೆ ವೈದ್ಯರ ಗುರುತಾದ ಹಾವು ಸುತ್ತಿದ ಕೋಲು. ಸೊಳ್ಳೆ ತಡೆಯುವುದೂ ಅಣೆಕಟ್ಟು ಕಟ್ಟಿದಷ್ಟೇ ದೊಡ್ಡ ಕೆಲಸ ಅಂತ ಆ ಸರಣಿ ಹೇಳುತ್ತಿತ್ತು. ನನಗೆ ಆ ಮಾತು ಇಂದಿಗೂ ಸರಿ ಅನ್ನಿಸುತ್ತದೆ.

ಆಮೇಲೆ 1962 ಬಂತು. ನನ್ನ ಅಣ್ಣನ ಮಗಳು ನಿಂತ ಪುಟ ಇದೇ. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳನ್ನೂ ಕೇಳಿತು: ಮಲೇರಿಯಾ ವಿರುದ್ಧ ಜಗತ್ತು ಒಂದಾಗಿದೆ ಅಂತ ಸಾರುವ ಚೀಟಿ ತನ್ನಿ. ನೂರಕ್ಕೂ ಹೆಚ್ಚು ದೇಶಗಳು ತಂದವು. ಒಂದೇ ವಿಷಯಕ್ಕೆ ಇಷ್ಟು ದೇಶಗಳು ಒಟ್ಟಿಗೆ ಚೀಟಿ ತಂದದ್ದು ಅಪರೂಪ. ಭಾರತದ್ದು 15 ನಯಾ ಪೈಸೆಯದು, ವಿಶ್ವ ಆರೋಗ್ಯ ದಿನವಾದ ಏಪ್ರಿಲ್ 7ರಂದು ಬಂತು. ಹೆಚ್ಚಿನ ಚೀಟಿಗಳಲ್ಲಿ ಒಂದೇ ಗುರುತು: ಭೂಗೋಳ, ಹಾವು ಸುತ್ತಿದ ಕೋಲು, ಒಂದು ಸೊಳ್ಳೆ. ಅಮೆರಿಕ ಮಾತ್ರ ತನ್ನ ನಾಲ್ಕು ಸೆಂಟಿನ ಚೀಟಿಯಲ್ಲಿ ರಾಷ್ಟ್ರಮುದ್ರೆಯನ್ನೂ ಆರೋಗ್ಯ ಸಂಸ್ಥೆಯ ಗುರುತನ್ನೂ ಹಾಕಿ, ಸೊಳ್ಳೆಯನ್ನು ಬಿಟ್ಟುಬಿಟ್ಟಿತು. ಅಕ್ಕಪಕ್ಕ ಇಟ್ಟು ನೋಡಿದರೆ ಅದು ಸಪ್ಪೆಯಾಗಿ ಕಾಣುತ್ತದೆ. ಯಾರ ವಿರುದ್ಧ ಹೋರಾಟ ಅಂತಲೇ ಅದರಲ್ಲಿ ಗೊತ್ತಾಗುವುದಿಲ್ಲ.

ಇದೇ ಕಾಲದಲ್ಲಿ ನಮ್ಮ ಹಳ್ಳಿಗಳ ಗೋಡೆಗಳ ಮೇಲೂ ಒಂದು ಮುದ್ರೆ ಬಿತ್ತು. 1958ರಲ್ಲಿ ನಿಯಂತ್ರಣದ ಕಾರ್ಯಕ್ರಮ ನಿರ್ಮೂಲನದ ಕಾರ್ಯಕ್ರಮ ಆಯಿತು. ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆಯುವವರು ಪಂಪು ಹಿಡಿದುಕೊಂಡು ಮನೆ ಮನೆಗೆ ಬರುತ್ತಿದ್ದರು. ಹೊಡೆದು ಮುಗಿದ ಮೇಲೆ ಗೋಡೆಯ ಮೇಲೆ ಎನ್.ಎಂ.ಇ.ಪಿ. (ರಾಷ್ಟ್ರೀಯ ಮಲೇರಿಯಾ ನಿರ್ಮೂಲನ ಕಾರ್ಯಕ್ರಮದ ಇಂಗ್ಲಿಷ್ ಮೊದಲಕ್ಷರಗಳು) ಅಂತ ಅಕ್ಷರ ಹಾಕಿ ತಾರೀಖು ಬರೆಯುತ್ತಿದ್ದರು. ನಮ್ಮ ಹಳೆಯ ಮನೆಯ ತಲೆಬಾಗಿಲಿನ ಪಕ್ಕ, ಸುಣ್ಣದ ಪದರ ಉದುರಿದ ಕಡೆ, ಆ ಅಕ್ಷರಗಳಲ್ಲಿ ಎರಡು ಬಹಳ ದಿನ ಕಾಣುತ್ತಿದ್ದವು. ಕಾಗದದ ಮೇಲಿನ ಚೀಟಿ, ಗೋಡೆಯ ಮೇಲಿನ ಅಕ್ಷರ ಎರಡೂ ಒಂದೇ ಕೆಲಸದ ಗುರುತು.

ಕೆಲಸ ನಿಜವಾಗಿಯೂ ಆಯಿತು. 1965ರ ಹೊತ್ತಿಗೆ ಮಲೇರಿಯಾ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. 7.5 ಕೋಟಿ ಎಲ್ಲಿ, 1 ಲಕ್ಷ ಎಲ್ಲಿ! ಆದರೆ ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು, ಔಷಧಿ ಹೊಡೆಯುವ ಕೆಲಸವೂ ಸಡಿಲವಾಯಿತು. 1976ರಲ್ಲಿ ಮತ್ತೆ 64 ಲಕ್ಷ ಜನರಿಗೆ ಮಲೇರಿಯಾ ಬಂತು. 1962ರ ಚೀಟಿಯನ್ನು ಈ ಲೆಕ್ಕ ಗೊತ್ತಿದ್ದು ನೋಡಿದಾಗ ಮನಸ್ಸು ಭಾರ ಆಗುತ್ತದೆ. ಅಷ್ಟು ನಂಬಿಕೆಯಿಂದ ಮಾಡಿದ ಚೀಟಿ ಅದು.

ನಮ್ಮ ಮೂರು ಜಿಲ್ಲೆಗಳಿಗೆ ಸೊಳ್ಳೆ ಹಳೆಯ ಕಥೆಯಲ್ಲ. ಕಲಬುರಗಿ, ಬೀದರ, ಯಾದಗಿರಿಯಲ್ಲಿ ಆನೆಕಾಲು ರೋಗ ಇದೆ. ಅದನ್ನು ಹರಡುವುದು ಗಟಾರದ ಕೊಳೆ ನೀರಿನಲ್ಲಿ ಮೊಟ್ಟೆ ಇಡುವ ಕ್ಯೂಲೆಕ್ಸ್. ಆಶಾ ಕಾರ್ಯಕರ್ತೆಯರು ಮನೆಗೆ ಬಂದು, ಎದುರಿಗೇ ನಿಂತು ಮಾತ್ರೆ ನುಂಗಿಸುವುದು ಇದಕ್ಕೇ. ಕಾಲು ಬಾತವರಿಗೆ ಮಾತ್ರ ಅಲ್ಲ, ಆರೋಗ್ಯವಾಗಿ ಇರುವವರಿಗೂ ಯಾಕೆ ಕೊಡುತ್ತಾರೆ ಅಂತ ಜನ ಕೇಳುತ್ತಾರೆ. ರಕ್ತದಲ್ಲಿ ಈ ರೋಗದ ಹುಳು ಇದ್ದರೂ ಎಷ್ಟೋ ವರ್ಷ ಹೊರಗೆ ಏನೂ ಕಾಣುವುದಿಲ್ಲ. ಸೊಳ್ಳೆ ಅವರಿಂದಲೂ ಹುಳುವನ್ನು ಎತ್ತಿಕೊಂಡು ಹೋಗುತ್ತದೆ. ಅದಕ್ಕೇ ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆ ಇರುವವರನ್ನು ಬಿಟ್ಟು ಉಳಿದವರೆಲ್ಲ ನುಂಗಬೇಕು. ದಯವಿಟ್ಟು ಆ ಮಾತ್ರೆಯನ್ನು ಕಿಟಕಿಯಿಂದ ಎಸೆಯಬೇಡಿ.

ಆಫ್ರಿಕಾದ ಚೀಟಿಗಳಲ್ಲಿ ಖಳನಾಯಕ ಬೇರೆ. ಅಲ್ಲಿ ಟ್ಸೆಟ್ಸೆ ನೊಣ ಕಚ್ಚಿದರೆ ನಿದ್ದೆ ರೋಗ ಬರುತ್ತದೆ. ಕ್ಯಾಮರೂನ್ 1954ರಲ್ಲಿ ಯೂಜೀನ್ ಜಾಮೋ ಎಂಬ ಫ್ರೆಂಚ್ ವೈದ್ಯನ ಚೀಟಿ ತಂದಿತು. ರೋಗಿಗಳು ಆಸ್ಪತ್ರೆಗೆ ಬರಲಿ ಅಂತ ಕಾಯದೆ, ಸೂಕ್ಷ್ಮದರ್ಶಕಗಳನ್ನು ಹೊರಿಸಿಕೊಂಡು ಹಳ್ಳಿ ಹಳ್ಳಿಗೆ ತಂಡ ಕಳಿಸಿದವನು ಅವನು. ಚೀಟಿಯಲ್ಲಿ ಅವನ ಜೊತೆ ಪ್ರಯೋಗಶಾಲೆಯೂ ಟ್ಸೆಟ್ಸೆ ನೊಣಗಳೂ ಇವೆ. ಟ್ಸೆಟ್ಸೆಯನ್ನು ಗುರುತಿಸುವುದು ಸುಲಭ. ಕೂತಾಗ ರೆಕ್ಕೆಗಳು ಕತ್ತರಿ ಮುಚ್ಚಿದ ಹಾಗೆ ಒಂದರ ಮೇಲೊಂದು ಬರುತ್ತವೆ, ಸೂಜಿಯಂಥ ಬಾಯಿ ನೇರ ಮುಂದಕ್ಕೆ ಚಾಚಿರುತ್ತದೆ.

ಈಗ ರೊಕ್ಕದ ಪ್ರಶ್ನೆಗೆ ಬರೋಣ.

ನಮ್ಮ ಊರುಗಳಲ್ಲೇ ನಾಣ್ಯ ಹೊಡೆಯುತ್ತಿದ್ದರು. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ಕಲಬುರಗಿಗೆ ಅಹಸನಾಬಾದ್ ಅಂತ ಹೆಸರಿಟ್ಟರು. ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರಕ್ಕೆ ಹೋಯಿತು, ಅದು ಮಹಮ್ಮದಾಬಾದ್. ಎರಡೂ ಟಂಕಸಾಲೆಗಳ ಹೆಸರು ಬಹಮನಿ ನಾಣ್ಯಗಳ ಮೇಲೆ ಸಿಗುತ್ತದೆ. ಆದರೆ ಆ ನಾಣ್ಯಗಳಲ್ಲಿ ಪ್ರಾಣಿ ಹುಡುಕಿದರೆ ನಿರಾಸೆ ಆಗುತ್ತದೆ. ಚಿನ್ನ, ಬೆಳ್ಳಿ, ತಾಮ್ರ ಎಲ್ಲದರ ಮೇಲೂ ಬರೀ ಅಕ್ಷರ. ಸುಲ್ತಾನನ ಹೆಸರು, ಬಿರುದು, ಊರು, ವರ್ಷ. ಬಹಳ ಚೆಂದದ ಅಕ್ಷರ ಅವು, ಬಳುಕಿ ಬಳುಕಿ ಬರುತ್ತವೆ. ಆನೆ, ಸಿಂಹಕ್ಕೇ ಜಾಗ ಇಲ್ಲದ ಮೇಲೆ ನೊಣಕ್ಕೆ ಎಲ್ಲಿಂದ ಬರಬೇಕು? ಆಮೇಲೆ ಬಂದ ನಿಜಾಮರ ನಾಣ್ಯದ ಮೇಲೆ ಚಾರ್‌ಮಿನಾರ್ ಬಂತು. ನಿಜಾಮರ ಅಂಚೆ ಚೀಟಿಯೊಂದರ ಮೇಲೆ ನಮ್ಮ ಬೀದರವೂ ಬಂತು: 1931ರಲ್ಲಿ ಶುರುವಾದ ಸರಣಿಯ 12 ಆಣೆ ಚೀಟಿಯಲ್ಲಿ ಮಹಮೂದ್ ಗವಾನ್ ಮದರಸಾ ಇದೆ. ಹೆಮ್ಮೆಯ ಚಿತ್ರ ಅಂದರೆ ಇಂಥದ್ದು.

ಹೊರದೇಶದ ನಾಣ್ಯಗಳ ಮೇಲೆ ಕೀಟ ಇವೆ. ಆದರೆ ನಮಗೆ ಮತ್ತೆ ಮತ್ತೆ ಸಿಗುವುದು ಜೇನು. ಈಗಿನ ಟರ್ಕಿಯಲ್ಲಿರುವ ಎಫೆಸಸ್ ಎಂಬ ಗ್ರೀಕ್ ಊರು ಎರಡು ಸಾವಿರ ವರ್ಷಗಳಿಗೂ ಹಿಂದೆ ಬೆಳ್ಳಿ ನಾಣ್ಯದ ಒಂದು ಬದಿಗೆ ಜೇನು, ಇನ್ನೊಂದು ಬದಿಗೆ ಜಿಂಕೆ ಹಾಕುತ್ತಿತ್ತು. ಎರಡೂ ಆ ಊರಿನ ದೇವಿ ಆರ್ಟೆಮಿಸ್‌ಗೆ ಸೇರಿದವು. ಇಟಲಿಯ 10 ಸೆಂಟೆಸಿಮಿ ನಾಣ್ಯದ ಮೇಲೆ 1919ರಿಂದ 1937ರವರೆಗೆ ಹೂವಿನ ಮೇಲೆ ಕೂತ ಜೇನು ಇತ್ತು. ಮಾಲ್ಟಾ ದೇಶದ 1972ರ 3 ಮಿಲ್ ನಾಣ್ಯ, ಸ್ಲೊವೇನಿಯಾದ 50 ಸ್ಟೊಟಿನ್ ನಾಣ್ಯ ಇವುಗಳಲ್ಲೂ ಜೇನೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಣ್ಯದ ಮೇಲೆ ನೊಣ ಇದೆ, ಆದರೆ ಜೇನುನೊಣ. ಎರಡು ರೆಕ್ಕೆಯದಕ್ಕೆ ಆ ಮರ್ಯಾದೆ ಇಲ್ಲ.

ಇದಕ್ಕೆ ಎರಡು ಕಾರಣ ನನಗೆ ಕಾಣುತ್ತವೆ. ಒಂದು ಮನಸ್ಸಿನದು. ನಾಣ್ಯವನ್ನು ನಾವು ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ದೇವರ ಮುಂದೆ ಇಡುತ್ತೇವೆ, ಮುಯ್ಯಿಗೆ ಕೊಡುತ್ತೇವೆ. ಲಕ್ಷ್ಮಿ ಅನ್ನುತ್ತೇವೆ. ಅದರ ಮೇಲೆ ಕೊಳೆಯ ಮೇಲೆ ಕೂರುವ ನೊಣ ಇರಲಿ ಅಂತ ಯಾವ ಜನರೂ ಒಪ್ಪುವುದಿಲ್ಲ. ನಮ್ಮ ನಾಲ್ಕಾಣೆಯ ಮೇಲೆ ಘೇಂಡಾಮೃಗ ಇತ್ತು, ನೆನಪಿದೆ ಅಲ್ವಾ? ಅಂಥ ಪ್ರಾಣಿಯಾದರೆ ಸರಿ.

ಎರಡನೆಯದು ಕೈಕೆಲಸದ್ದು. ನಾಣ್ಯ ಅಂದರೆ ಉಬ್ಬು ಚಿತ್ರ. ಉಕ್ಕಿನ ಅಚ್ಚಿನಲ್ಲಿ ತಗ್ಗು ಕೊರೆದು, ಲೋಹದ ಬಿಲ್ಲೆಯ ಮೇಲೆ ಜೋರಾಗಿ ಒತ್ತುತ್ತಾರೆ. ತಗ್ಗಿದ್ದ ಕಡೆ ಲೋಹ ಏರುತ್ತದೆ. ಆ ಉಬ್ಬು ಹತ್ತಾರು ವರ್ಷ ಜೇಬಿನಲ್ಲಿ, ಗಲ್ಲಾದಲ್ಲಿ ಉಜ್ಜಿ ಉಜ್ಜಿ ಸವೆಯುತ್ತದೆ. ಜೇನಿನ ಮೈ ದಪ್ಪ, ದುಂಡು, ಸವೆದರೂ ಗುರುತು ಸಿಗುತ್ತದೆ. ಸೊಳ್ಳೆಯ ಕಾಲು ಕೂದಲಿನಷ್ಟು. ಕೆಲವೇ ವರ್ಷದಲ್ಲಿ ಅಳಿಸಿಹೋಗುತ್ತದೆ. ಹಳೆಯ ಕೆತ್ತನೆಯ ಅಂಚೆ ಚೀಟಿಯಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಲೋಹದ ಹಲಗೆಯಲ್ಲಿ ಕೂದಲೆಳೆಯಂಥ ಗೆರೆ ಕೊರೆದು, ಆ ಗೆರೆಗಳಲ್ಲಿ ಶಾಯಿ ತುಂಬಿ, ಕಾಗದ ಒತ್ತುತ್ತಾರೆ. ಗೆರೆ ತೆಳುವಾದಷ್ಟೂ ಚಿತ್ರ ಚೆಂದ. ರೆಕ್ಕೆಯ ನರ, ಕಾಲಿನ ಮುಳ್ಳು ಬರೆಯಲು ಹೇಳಿ ಮಾಡಿಸಿದ ವಿದ್ಯೆ.

ಬೀದರದ ಬಿದ್ರಿ ಕೆಲಸ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿಯೂ ಸಣ್ಣ ಉಳಿಯಿಂದ ಗೆರೆ ಕೊರೆದು ಅದರೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಗೆರೆ ಮೇಲೆದ್ದಿಲ್ಲ, ಒಳಗೆ ಕೂತಿದೆ. ಅದಕ್ಕೇ ಅಷ್ಟು ತೆಳುವಾದ ಬಳ್ಳಿಯೂ ವರ್ಷಗಟ್ಟಲೆ ಉಳಿಯುತ್ತದೆ.

ನಾಣ್ಯ ಅಲ್ಲ, ಆದರೆ ನಾಣ್ಯದ ಅಣ್ಣನಂಥ ಪದಕದಲ್ಲಿ ನೊಣಕ್ಕೆ ಒಂದು ಸಲ ಭಾರಿ ಗೌರವ ಸಿಕ್ಕಿತ್ತು. ಸುಮಾರು 3,500 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಶೌರ್ಯಕ್ಕೆ ಚಿನ್ನದ ನೊಣ ಕೊಡುತ್ತಿದ್ದರು. ರಾಣಿ ಅಹ್‌ಹೋತೆಪ್‌ಳ ಸಮಾಧಿಯಲ್ಲಿ ಸರಕ್ಕೆ ಪೋಣಿಸಿದ ಮೂರು ಚಿನ್ನದ ನೊಣ ಸಿಕ್ಕಿವೆ, ಒಂದೊಂದೂ ಸುಮಾರು 9 ಸೆಂಟಿಮೀಟರ್ ಉದ್ದ. ನೊಣವೇ ಯಾಕೆ? ಎಷ್ಟು ಓಡಿಸಿದರೂ ನೊಣ ಬಿಡುವುದಿಲ್ಲ, ಮತ್ತೆ ಮತ್ತೆ ಎರಗುತ್ತದೆ. ಸೈನಿಕನೂ ಹಾಗೇ ಇರಬೇಕು ಅನ್ನುವುದು ಇದಕ್ಕೆ ವಿದ್ವಾಂಸರು ಕೊಡುವ ಅರ್ಥ. ಬೆಲ್ಲದ ಅಂಗಡಿಯಲ್ಲಿ ನಿಂತು ನೊಣ ಓಡಿಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚೀಟಿಗಳಲ್ಲಿ ನೊಣದ ಪಾತ್ರ ನಿಧಾನಕ್ಕೆ ಬದಲಾಯಿತು. ಸ್ವೀಡನ್ 1989ರಲ್ಲಿ ನೊಬೆಲ್ ಪಡೆದ ತಳಿವಿಜ್ಞಾನಿಗಳ ಚೀಟಿ ತಂದಾಗ ಥಾಮಸ್ ಹಂಟ್ ಮಾರ್ಗನ್ ಹೆಸರಿನ ಚೀಟಿಯಲ್ಲಿ ಹಣ್ಣಿನ ನೊಣ ಬಂತು. ಮನೆಯಲ್ಲಿ ಬಾಳೆಹಣ್ಣು ಹೆಚ್ಚು ಮಾಗಿದರೆ ಸುತ್ತ ಹಾರುವ ಸಣ್ಣ ನೊಣ ಇದೆಯಲ್ಲ, ಅದೇ. ಕೆಂಪು ಕಣ್ಣಿನ ಆ ನೊಣಗಳನ್ನು ಮಾರ್ಗನ್ ನ್ಯೂಯಾರ್ಕಿನಲ್ಲಿ ಹಾಲಿನ ಬಾಟಲಿಗಳಲ್ಲಿ ಸಾಕಿದ. 1910ರಲ್ಲಿ ಒಂದು ಬಿಳಿ ಕಣ್ಣಿನ ಗಂಡು ಹುಟ್ಟಿತು. ಆ ಬಿಳಿ ಕಣ್ಣು ಮೊಮ್ಮಕ್ಕಳಲ್ಲಿ ಗಂಡು ನೊಣಗಳಿಗೆ ಮಾತ್ರ ಬರುತ್ತಿತ್ತು. ಹೀಗೆ, ಗುಣಗಳು ಜೀವಕೋಶದೊಳಗಿನ ಕ್ರೋಮೊಸೋಮ್ ಎಂಬ ಎಳೆಗಳ ಮೇಲೆ ಕೂತು ಮಕ್ಕಳಿಗೆ ಹೋಗುತ್ತವೆ ಅಂತ ಗಟ್ಟಿಯಾಯಿತು. 1933ರಲ್ಲಿ ನೊಬೆಲ್ ಬಂತು. ಹತ್ತು ದಿನಕ್ಕೊಂದು ತಲೆಮಾರು ಮುಗಿಸುವ ನೊಣ ಇಲ್ಲದಿದ್ದರೆ ಆ ಕೆಲಸಕ್ಕೆ ಎಷ್ಟು ವರ್ಷ ಹಿಡಿಯುತ್ತಿತ್ತೋ.

ಆಮೇಲೆ ನೊಣ ಚೆಂದದ ಜೀವವಾಗಿಯೂ ಬಂತು. ಅಮೆರಿಕ 1999ರಲ್ಲಿ ಕೀಟ ಮತ್ತು ಜೇಡಗಳ 20 ಚೀಟಿಗಳ ಹಾಳೆ ತಂದಿತು. ಅದರಲ್ಲಿ ಒಂದು ಹೂವಿನ ನೊಣ ಇದೆ. ಚೇಳುನೊಣ ಎಂಬ ಹೆಸರಿನದೂ ಇದೆ, ಆದರೆ ಅದಕ್ಕೆ ನಾಲ್ಕು ರೆಕ್ಕೆ, ನೊಣದ ಜಾತಿ ಅಲ್ಲ. ಹೆಸರಿಗೆ ಮೋಸ ಹೋಗುವುದು ನಾವಷ್ಟೇ ಅಲ್ಲ ಅಂತ ಆಯಿತು. ಬ್ರಿಟನ್ 2020ರಲ್ಲಿ ಪರಾಗ ಹೊರುವ ಕೀಟಗಳ ಆರು ಚೀಟಿ ತಂದಾಗ ಕಿತ್ತಳೆ ಪಟ್ಟೆಯ ಹೂವಿನ ನೊಣವೊಂದಕ್ಕೆ ಪೂರ್ತಿ ಒಂದು ಚೀಟಿ ಸಿಕ್ಕಿತು. ಮೊದಲ ನೋಟಕ್ಕೆ ಅದು ಜೇನಿನ ಹಾಗೇ ಕಾಣುತ್ತದೆ. ಹಕ್ಕಿಗಳನ್ನು ಹೆದರಿಸಲು ಹಾಕಿದ ವೇಷ ಅದು. ಕಚ್ಚುವುದಿಲ್ಲ, ಕುಟುಕುವುದಿಲ್ಲ.

ಈ ಹೂವಿನ ನೊಣದ ಬಂಧುಗಳು ನಮ್ಮ ಹೊಲದಲ್ಲೂ ಇವೆ. ಕುಸುಬೆಗೆ ಹೇನು ಬಿದ್ದಾಗ ಗಿಡದ ತುದಿ ಅಂಟಂಟಾಗಿ ಕಪ್ಪಾಗುತ್ತದೆ. ಆ ಹೇನಿನ ಮಧ್ಯೆ ಕಾಲಿಲ್ಲದ ಹಸಿರು ಮರಿಹುಳು ತೆವಳುತ್ತಿದ್ದರೆ ಅದನ್ನು ಕೊಲ್ಲಬೇಡಿ. ಹೂವಿನ ನೊಣದ ಮರಿ ಅದು, ಹೇನನ್ನು ತಿಂದೇ ಬೆಳೆಯುತ್ತದೆ. ಕುಸುಬೆ ಹೂವಿನ ಮುಂದೆ ಗಾಳಿಯಲ್ಲಿ ಅಲ್ಲಾಡದೆ ನಿಂತ ಹಾಗೆ ಹಾರುವುದೇ ಅದರ ತಾಯಿ.

ಅಣ್ಣನ ಮಗಳಿಗೆ ಇದಿಷ್ಟನ್ನೂ ಎರಡು ಮಧ್ಯಾಹ್ನಗಳಲ್ಲಿ ಹೇಳಿದೆ. ಮೂರನೇ ದಿನ ಅವಳೇ ಕೇಳಿದಳು, ನಮ್ಮ ಊರಿಗೆ ಟಿಕೀಟ್ ಮಾಡಿದರೆ ಯಾವ ನೊಣ ಹಾಕಬೇಕು ಅಂತ. ನಾನು ಯೋಚಿಸಬೇಕಾಗಲಿಲ್ಲ. ಕಲಬುರಗಿ ಅಂದರೆ ತೊಗರಿ, ತೊಗರಿ ಅಂದರೆ ಕಾಯಿ ನೊಣ. ಅವರಪ್ಪ ಕಳಿಸಿದ ತೊಗರಿಕಾಯಿ ಮನೆಯಲ್ಲಿತ್ತು. ಒಂದು ಒಣಗಿದ ಕಾಯಿ ತೆಗೆದುಕೊಂಡೆವು. ಹೊರಗಿನಿಂದ ಚೆನ್ನಾಗಿಯೇ ಇತ್ತು. ಬೆಳಕಿಗೆ ಹಿಡಿದಾಗ ಸಿಪ್ಪೆಯ ಮೇಲೆ ಸಾಸಿವೆಗಿಂತ ಸಣ್ಣ ದುಂಡನೆಯ ಕಿಟಕಿ ಕಂಡಿತು. ತೂತು ಅಲ್ಲ, ತೆಳು ಪೊರೆ. ಒಳಗಿನ ಹುಳು ಕೋಶ ಕಟ್ಟುವ ಮೊದಲೇ ಸಿಪ್ಪೆಯನ್ನು ಪೊರೆಯಷ್ಟು ಉಳಿಯುವ ತನಕ ಕೆರೆದಿಟ್ಟಿರುತ್ತದೆ. ಆಮೇಲೆ ಹುಟ್ಟುವ ನೊಣ ಪೊರೆಯನ್ನು ತಳ್ಳಿ ಹೊರಬರಲಿ ಅಂತ. ಕಾಯಿ ಬಿಡಿಸಿದೆವು. ಕಾಳಿನ ಮೇಲೆ ಕೊರೆದ ಕಾಲುವೆ, ಪಕ್ಕದಲ್ಲಿ ಕಂದು ಬಣ್ಣದ ಕೋಶ.

ರೈತರಿಗೆ ಈ ನೊಣ ತಲೆನೋವಾಗುವುದು ಇದಕ್ಕೇ. ಕಾಯಿ ಕೊರೆಯುವ ಹುಳು ಕಣ್ಣಿಗೆ ಕಾಣುತ್ತದೆ. ಕಾಯಿ ನೊಣದ ಹಾನಿ ರಾಶಿ ಮಾಡುವವರೆಗೂ ಗೊತ್ತಾಗುವುದಿಲ್ಲ.

ಹುಡುಗಿ ಸುಮ್ಮನೆ ಎದ್ದು ಹೋಗಿ ಒಂದು ಪೋಸ್ಟ್‌ಕಾರ್ಡ್ ತಂದಳು. ಹಿಂದಿನ ಬದಿಗೆ ಪೆನ್ಸಿಲಿನಿಂದ ಒಂದು ಚೌಕ ಹಾಕಿ, ಸುತ್ತ ಚೀಟಿಯ ಹಲ್ಲು ಬರೆದಳು. ನಡುವೆ ತೊಗರಿಕಾಯಿ, ಅದರ ಮೇಲೆ ನೊಣ. ನಾಲ್ಕು ರೆಕ್ಕೆ ಬರೆದಿದ್ದಳು. ಒಂದು ಸಲ ಎಣಿಸಿ, ರಬ್ಬರ್ ತೆಗೆದುಕೊಂಡು ಹಿಂದಿನ ಎರಡನ್ನು ಅಳಿಸಿದಳು. ಅಳಿಸಿದ ಜಾಗದಲ್ಲಿ ಎರಡು ಗುಂಡುಸೂಜಿ ಬರೆದು, ಬೀದರದಲ್ಲಿರುವ ಅಜ್ಜನ ವಿಳಾಸ ಕೇಳಿದಳು.